ಮೌನವೇ ಸಮ್ಮತಿ ಎಂದವರಿಗೆ, ಹನ್ನೊಂದು ಸಾಲಿನ ಪಾಲುದಾರನಿಂದ

ಮಾನ್ಯ ಮಾಲೀಕರಿಗೆ,

ನಾವಿಲ್ಲಿ ಕ್ಷೇಮ. ತಮ್ಮ ಕ್ಷೇಮಸಮಾಚಾರ ಪೇಪರಿನಲ್ಲಿ ಓದಿದೆ. ದೊಡ್ಡ ಹೂಡಿಕೆದಾರರು ಬಂದು ಕೂತಿದ್ದಾರಂತೆ, ಸಂತೋಷ. ತಮ್ಮ ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಯಾವುದೆಂದು ತಮಗೆ ಗೊತ್ತು, ನನಗೂ ಗೊತ್ತು. ಆದರೆ ವಕೀಲರ ಫೀಸು ಕಟ್ಟುವ ತಾಕತ್ತು ನಮ್ಮಿಬ್ಬರಲ್ಲಿ ತಮಗೆ ಮಾತ್ರ ಇದೆ.

ತಾವು ಕಳಿಸಿದ ಇಮೇಲ್ ತಲುಪಿತು. ಸ್ಪ್ಯಾಮ್ ಡಬ್ಬಿಯಲ್ಲಿ, ನನಗೆ ಹೊಡೆದಿರುವ ಲಾಟರಿಗೂ ಬೊಕ್ಕತಲೆಗೆ ಹಚ್ಚುವ ಎಣ್ಣೆಗೂ ನಡುವೆ ತೆಪ್ಪಗೆ ಕೂತಿತ್ತು. ನಾನು ನೋಡುವ ಹೊತ್ತಿಗೆ 12 ದಿನ ಕಳೆದಿದ್ದವು. ತಾವು ಕೊಟ್ಟ ಗಡುವು 14. ಒಕ್ಕಣೆಯಂತೂ ಬಹಳ ಸೊಗಸಾಗಿತ್ತು. ಇಷ್ಟು ವರ್ಷ ಜಿಪಿಎಲ್ ಲೈಸೆನ್ಸಿನಲ್ಲಿದ್ದ ತಂತ್ರಾಂಶವನ್ನು ಇನ್ನು ಮುಂದೆ ತಮ್ಮದೇ ಹೊಸ ಲೈಸೆನ್ಸಿಗೆ ವರ್ಗಾಯಿಸುತ್ತೀರಿ. ಇದರಿಂದ ‘ಸಮುದಾಯಕ್ಕೆ ಬಲ ಬರುತ್ತದೆ’. ನಾನು ಬರೆದ ಕೋಡಿಗೆ ನನ್ನ ಒಪ್ಪಿಗೆ ಬೇಕು. 14 ದಿನದಲ್ಲಿ ಉತ್ತರ ಬಾರದಿದ್ದರೆ ಒಪ್ಪಿದ್ದೇನೆಂದು ತಿಳಿಯುತ್ತೀರಿ. ಮೌನಂ ಸಮ್ಮತಿ ಲಕ್ಷಣಂ. ನಮ್ಮ ಕಡೆ ಹೆಣ್ಣು ನೋಡಲು ಬಂದವರು ಹೀಗೆ ಹೇಳುತ್ತಿದ್ದ ಕಾಲವಿತ್ತು. ಈಗ ಅವರೂ ಬಾಯಿಬಿಟ್ಟು ಕೇಳುತ್ತಾರೆ.

ನಾನು ಯಾರೆಂದು ತಮಗೆ ನೆನಪಿರಲಾರದು. ತಮ್ಮ ಪಟ್ಟಿಯ ಇನ್ನೂರು ಚಿಲ್ಲರೆ ಹೆಸರುಗಳಲ್ಲಿ ನನ್ನದು ಕೆಳಗೆಲ್ಲೋ ಇದೆ. ನನ್ನ ಕೊಡುಗೆ 11 ಸಾಲು. ತಿಪಟೂರಿನಲ್ಲಿ ನಮ್ಮ ಸೋದರಮಾವನ ಕೊಬ್ಬರಿ ಮಂಡಿಯಿದೆ. ಬಿಲ್ ಹಾಕಲು ತಮ್ಮ ತಂತ್ರಾಂಶವನ್ನು ನಾನೇ ಹಾಕಿಕೊಟ್ಟಿದ್ದೆ, ಬಿಟ್ಟಿ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ. ಮೊದಲ ದಿನವೇ ಮಾವ ಫೋನು ಮಾಡಿದ: ‘ಲೋ, ಬಿಲ್ಲಲ್ಲಿ ಲಕ್ಷ್ಮಿ ಕೆಟ್ಟೋಗಿದಾಳೆ ಕಣೋ.’ ಹೋಗಿ ನೋಡಿದರೆ, ಗಿರಾಕಿಯ ಹೆಸರಿನ ಜಾಗದಲ್ಲಿ ‘ಲಕ್ಷ್ಮ’ ಎಂದು ಅಚ್ಚಾಗಿ ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಕೂತಿತ್ತು. ಕಾರಣ ಹುಡುಕಲು ಒಂದು ರಾತ್ರಿ ಹಿಡಿಯಿತು. ತಮ್ಮವರು ಆ ಜಾಗಕ್ಕೆ 20 ಬೈಟ್ ಎಂದು ಮಿತಿ ಹಾಕಿದ್ದರು. ಇಂಗ್ಲಿಷಿನಲ್ಲಿ ಅದು 20 ಅಕ್ಷರ, ಧಾರಾಳ. ಕನ್ನಡದಲ್ಲಿ ‘ಲಕ್ಷ್ಮಿ’ ಎಂದರೆ ಯುನಿಕೋಡಿನ ಲೆಕ್ಕಕ್ಕೆ ಲ, ಕ, ವಿರಾಮ, ಷ, ವಿರಾಮ, ಮ, ಗುಡಿಸು, ಹೀಗೆ 7 ತುಂಡು, ಒಂದೊಂದಕ್ಕೆ 3 ಬೈಟ್, ಒಟ್ಟು 21. ಒಂದೇ ಒಂದು ಬೈಟ್ ಹೊರಗುಳಿದು ಗುಡಿಸು ಹರಿದುಹೋಗುತ್ತಿತ್ತು. ಮಿತಿಯನ್ನು ಬೈಟಿನಲ್ಲಲ್ಲ, ಅಕ್ಷರದಲ್ಲಿ ಎಣಿಸುವ ಹಾಗೆ 11 ಸಾಲು ಬರೆದು ಕಳಿಸಿದೆ. ತಮ್ಮ ಎಂಜಿನಿಯರ್ ಒಬ್ಬರು ಹೆಬ್ಬೆರಳೆತ್ತಿದ ಚಿತ್ರ ಹಾಕಿ ಸೇರಿಸಿಕೊಂಡರು. ತಮಿಳು, ತೆಲುಗು, ಬಂಗಾಳಿ, ಥಾಯ್ ಬಳಸುವವರಿಗೂ ಅದರಿಂದ ಅನುಕೂಲವಾಯಿತಂತೆ. ನನಗೆ ಸಂಬಳವೆಂದು ಬಂದದ್ದು ಆ ಹೆಬ್ಬೆರಳು.

ದೂರುತ್ತಿಲ್ಲ. ಒಪ್ಪಂದವೇ ಹಾಗಿತ್ತು. ನಾನು ಕೊಟ್ಟ ಕೋಡನ್ನು ಯಾರು ಬೇಕಾದರೂ ಬಳಸಲಿ, ತಿದ್ದಲಿ, ಮಾರಲಿ. ಆದರೆ ತಿದ್ದಿ ಬೇರೆಯವರಿಗೆ ಹಂಚಿದರೆ ತಿದ್ದಿದ್ದನ್ನೂ ಇದೇ ಷರತ್ತಿನಲ್ಲಿ ಬಿಟ್ಟುಕೊಡಲಿ. ಜಿಪಿಎಲ್ ಎಂದರೆ ಅಷ್ಟೇ. ಈ ಷರತ್ತು ನನಗೂ ಅನ್ವಯ, ತಮಗೂ ಅನ್ವಯ. ಬರೆದ ಸಾಲಿನ ಕೃತಿಸ್ವಾಮ್ಯ ಬರೆದವನಲ್ಲೇ ಉಳಿಯುತ್ತದೆ. ಹಾಗಾಗಿ ಇಡೀ ತಂತ್ರಾಂಶ ಪಾಲಾಗದ ಪಿತ್ರಾರ್ಜಿತ ಜಮೀನಿನ ಥರ. ಪಹಣಿಯಲ್ಲಿ ಇನ್ನೂರು ಹೆಸರು. ತಮ್ಮದು ಎಂಬತ್ತು ಎಕರೆ ಇರಬಹುದು, ನನ್ನದು ಅರ್ಧ ಗುಂಟೆ. ಪೂರ್ತಿ ಮಾರಬೇಕಾದರೆ ಅರ್ಧ ಗುಂಟೆಯವನ ಸಹಿಯೂ ಬೇಕು.

ಜಮೀನಿನ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ದೊಡ್ಡಪ್ಪ ರಸ್ತೆ ಬದಿಯ 2 ಎಕರೆ 10 ಗುಂಟೆ ಮಾರಲು ಹೊರಟಾಗ ಹೆಣ್ಣುಮಕ್ಕಳೂ ಸೇರಿ 9 ಜನರ ಸಹಿ ಬೇಕಿತ್ತು. ಒಬ್ಬ ಮಸ್ಕತ್‌ನಲ್ಲಿದ್ದ, ಅವನಿಂದ ಅಧಿಕಾರಪತ್ರ ತರಿಸಲು ಮೂರು ತಿಂಗಳು. ಹುಬ್ಬಳ್ಳಿಯ ಅತ್ತೆ ಇಪ್ಪತ್ತು ವರ್ಷದಿಂದ ಮಾತು ಬಿಟ್ಟಿದ್ದಳು. ದೊಡ್ಡಪ್ಪ ರಾತ್ರಿ ಬಸ್ಸು ಹತ್ತಿ ಹೋಗಿ, ಅವಳ ಮನೆಯ ಜಗಲಿಯ ಮೇಲೆ ಮೂರು ದಿನ ಕೂತ. ಮೂರನೆಯ ದಿನ ಅವಳು ಕಾಫಿ ಕೊಟ್ಟಳು. ನಾಲ್ಕನೆಯ ದಿನ, ಬಾವಿ ಪಕ್ಕದ ಎರಡು ತೆಂಗಿನ ಮರ ತನಗೆ ಬಿಡಬೇಕೆಂಬ ಷರತ್ತಿನ ಮೇಲೆ ತಿಪಟೂರಿಗೆ ಬಂದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿದಳು. ‘ಅತ್ತೆಗೆ ಒಂದು ಕಾಗದ ಹಾಕಿ, ಉತ್ತರ ಬರದಿದ್ದರೆ ಒಪ್ಪಿದಳು ಅಂತ ಬರ್ಕೊಂಡರಾಯ್ತು’ ಎಂಬ ಉಪಾಯ ದೊಡ್ಡಪ್ಪನಿಗೆ ಹೊಳೆಯಲಿಲ್ಲ. ಪಾಪ, ಅವನು ಓದಿದ್ದು ನಾಲ್ಕನೇ ಕ್ಲಾಸು. ತಮ್ಮ ಹಾಗೆ ಎಂಬಿಎ ಮಾಡಿದ್ದರೆ ಬಸ್ ಚಾರ್ಜು ಉಳಿಯುತ್ತಿತ್ತು.

ಈ ಉಪಾಯ ತಮಗಿಂತ ಮುಂಚೆ ಒಬ್ಬ ಇಂಗ್ಲಿಷ್ ಚಿಕ್ಕಪ್ಪನಿಗೆ ಹೊಳೆದಿತ್ತು. ಫೆಲ್ಟ್‌ಹೌಸ್ ಎಂಬವನು ಅಣ್ಣನ ಮಗನಿಗೆ ಕಾಗದ ಬರೆದ: ನಿನ್ನ ಕುದುರೆಗೆ 30 ಪೌಂಡು 15 ಶಿಲಿಂಗ್ ಕೊಡುತ್ತೇನೆ, ಉತ್ತರ ಬಾರದಿದ್ದರೆ ಕುದುರೆ ನನ್ನದೆಂದು ತಿಳಿಯುತ್ತೇನೆ. ಹುಡುಗ ಉತ್ತರ ಬರೆಯಲಿಲ್ಲ. ಹರಾಜಿನವನು ತಪ್ಪಿ ಕುದುರೆಯನ್ನು ಮಾರಿಬಿಟ್ಟ. ಚಿಕ್ಕಪ್ಪ ಕೋರ್ಟಿಗೆ ಹೋದ. 1862ರಲ್ಲಿ ತೀರ್ಪು ಬಂತು: ಸುಮ್ಮನಿರುವುದು ಒಪ್ಪಿಗೆಯಲ್ಲ, ಕುದುರೆ ನಿನ್ನದಾಗಿರಲೇ ಇಲ್ಲ. ನಮ್ಮ ಕಾನೂನು ಕಾಲೇಜುಗಳಲ್ಲಿ ಮೊದಲ ವರ್ಷವೇ ಈ ಕುದುರೆಯನ್ನು ಹತ್ತಿಸುತ್ತಾರೆ. ತಮ್ಮ ವಕೀಲರು ಅಂದು ರಜೆ ಹಾಕಿದ್ದರೆಂದು ಕಾಣುತ್ತದೆ. ನಮ್ಮದೇ 1957ರ ಕೃತಿಸ್ವಾಮ್ಯ ಕಾಯಿದೆಗೆ ಕಂಪ್ಯೂಟರ್ ಪ್ರೋಗ್ರಾಮೂ ಸಾಹಿತ್ಯ ಕೃತಿಯೇ. (ನಮ್ಮ ವಂಶದಲ್ಲಿ ಸಾಹಿತಿ ಎನಿಸಿಕೊಂಡವನು ನಾನೊಬ್ಬನೇ, ಅದೂ 11 ಸಾಲಿಗೆ.) ಹಕ್ಕು ಬರೆದುಕೊಡುವುದಾದರೆ ಬರವಣಿಗೆಯಲ್ಲಿ, ಸಹಿ ಹಾಕಿ ಕೊಡಬೇಕೆಂದು ಆ ಕಾಯಿದೆ ಹೇಳುತ್ತದೆ. ಸ್ಪ್ಯಾಮ್ ಡಬ್ಬಿಯ ಮಾತು ಅದರಲ್ಲಿ ಎಲ್ಲೂ ಇಲ್ಲ.

ತಾವೊಬ್ಬರೇ ಹೀಗೆ ಮಾಡಿದಿರಿ ಎನ್ನಲಾರೆ. 2017ರ ಮಾರ್ಚಿನಲ್ಲಿ ಓಪನ್‌ಎಸ್‌ಎಸ್‌ಎಲ್‌ನವರು ಸುಮಾರು 400 ಜನರಿಗೆ ಇಂಥದ್ದೇ ಇಮೇಲ್ ಕಳಿಸಿದ್ದರು: ಅಪಾಚೆ ಲೈಸೆನ್ಸಿಗೆ ಹೋಗುತ್ತಿದ್ದೇವೆ, ತಮ್ಮಿಂದ ಸುದ್ದಿ ಬಾರದಿದ್ದರೆ ಆಕ್ಷೇಪಣೆಯಿಲ್ಲವೆಂದು ತಿಳಿಯುತ್ತೇವೆ. ಓಪನ್‌ಬಿಎಸ್‌ಡಿಯ ಥಿಯೋ ಡಿ ರಾಟ್‌ಗೆ ಮೈಯೆಲ್ಲ ಉರಿದುಹೋಯಿತು. ಅದೇ ನ್ಯಾಯದಂತೆ ಜಿಸಿಸಿ ಕಂಪೈಲರಿನ ಲೈಸೆನ್ಸನ್ನೂ ಬದಲಿಸೋಣ, ಯಾರೂ ಮಾತಾಡದಿದ್ದರೆ ಒಪ್ಪಿದ ಹಾಗೆ ಎಂದು ಗೇಲಿಯ ಕಾಗದ ಬರೆದ. ಈ ಪತ್ರದ ಕೊನೆಯಲ್ಲಿ ‘14 ದಿನದಲ್ಲಿ ಉತ್ತರ ಬಾರದಿದ್ದರೆ ತಮ್ಮ ಕಂಪನಿ ನನ್ನದು’ ಎಂದು ಬರೆಯಬೇಕೆಂದು ನನಗೂ ಆಸೆಯಿತ್ತು. ಅವನು ಮೊದಲೇ ಬರೆದು ಕೆಡಿಸಿಬಿಟ್ಟ. ಓಪನ್‌ಎಸ್‌ಎಸ್‌ಎಲ್ ಹೊಸ ಲೈಸೆನ್ಸಿನಲ್ಲಿ ಹೊರಬಂದದ್ದು 2021ರ ಸೆಪ್ಟೆಂಬರಿನಲ್ಲಿ, ಇಮೇಲ್ ಹೋಗಿ ನಾಲ್ಕೂವರೆ ವರ್ಷಕ್ಕೆ. ಅವರು ಹೋಗುತ್ತಿದ್ದದ್ದಾದರೂ ಒಂದು ಮುಕ್ತ ಲೈಸೆನ್ಸಿನಿಂದ ಇನ್ನೊಂದಕ್ಕೆ, ಊರ ಕೆರೆಯ ಈ ದಡದಿಂದ ಆ ದಡಕ್ಕೆ. ತಾವು ಕೆರೆಯನ್ನೇ ಮನೆಗೆ ಒಯ್ಯುತ್ತಿದ್ದೀರಿ.

ನೆಟ್ಟಗೆ ಕೇಳಿ ಪಡೆದವರೂ ಇದ್ದಾರೆ. ಮೊಜಿಲ್ಲಾದವರು 2001ರಲ್ಲಿ ಕೋಡ್ ಬರೆದವರನ್ನು ಹುಡುಕಲು ಶುರುಮಾಡಿ, ನಾಲ್ಕುನೂರಕ್ಕೂ ಹೆಚ್ಚು ಜನರ ಬೆನ್ನು ಹತ್ತಿ, ಕೆಲಸ ಮುಗಿಸಿದ್ದು 2006ರಲ್ಲಿ. ನಾವೆಲ್ಲ ಸಿನಿಮಾ ನೋಡುವ ವಿಎಲ್‌ಸಿ ಪ್ಯಾರಿಸ್ಸಿನ ಒಂದು ಕಾಲೇಜಿನ ಹುಡುಗರು ಶುರುಮಾಡಿದ್ದು. ಅದರ ತಿರುಳನ್ನು ಜಿಪಿಎಲ್‌ನಿಂದ ಎಲ್‌ಜಿಪಿಎಲ್ ಎಂಬ ಇನ್ನೊಂದು ಮುಕ್ತ ಲೈಸೆನ್ಸಿಗೆ ತರಲು ಜಾನ್ ಬಾಪ್ಟಿಸ್ಟ್ ಕೆಂಪ್ಫ್ ನೂರಾರು ಜನರನ್ನು ಒಬ್ಬೊಬ್ಬರಾಗಿ ಹುಡುಕಿದ. ನಮ್ಮ ದೊಡ್ಡಪ್ಪನ ಜಾತಿಯವನು. ಓಪನ್‌ಸ್ಟ್ರೀಟ್‌ಮ್ಯಾಪ್‌ನವರ ಕಥೆ ಇನ್ನೂ ಗಟ್ಟಿ. 2012ರಲ್ಲಿ ನಕ್ಷೆಯ ಲೈಸೆನ್ಸ್ ಬದಲಿಸುವಾಗ, ಬೇಡ ಎಂದವರ ಜೊತೆಗೆ ಉತ್ತರ ಕೊಡದೇ ಇದ್ದವರು ಬರೆದ ರಸ್ತೆಗಳನ್ನೂ ಅಳಿಸಿದರು. ಅವರ ಮಟ್ಟಿಗೆ ಮೌನವೆಂದರೆ ‘ಇಲ್ಲ’. ರಸ್ತೆ ಹೋದರೆ ಹೋಗಲಿ, ಮತ್ತೆ ನಡೆದು ಮತ್ತೆ ಬರೆಯೋಣ ಎಂದರು. ತಮಗೂ ಆ ದಾರಿ ಇದೆ: ಒಪ್ಪದವರ ಸಾಲು ಕಿತ್ತು, ತಾವೇ ಹೊಸದಾಗಿ ಬರೆಯುವುದು. ದುಡ್ಡು ಬಂದಿದೆಯಲ್ಲ, ಬರೆಸಿ.

ತಮ್ಮ ಇಮೇಲಿನಲ್ಲಿ ‘ದೊಡ್ಡ ಕ್ಲೌಡ್ ಕಂಪನಿಗಳ ಶೋಷಣೆ’ಯ ಬಗ್ಗೆ ಎರಡು ಪ್ಯಾರಾ ಇದೆ. ಓದಿ ನಿಜವಾಗಿಯೂ ಮರುಗಿದೆ. ಅಮೆಜಾನಿನಂಥ ಆನೆ ಬಂದು, ತಾವು ಬೆಳೆಸಿದ ಕಬ್ಬನ್ನು ತಿಂದು, ಬೆಲ್ಲ ಮಾಡಿ ಮಾರಿ, ಒಂದು ಅಚ್ಚನ್ನೂ ಕೊಡದೆ ಹೋಗುವುದು ಅನ್ಯಾಯವೇ. ಆದರೆ ಹೀಗೆ ಲೈಸೆನ್ಸ್ ಬದಲಿಸಿ ಬೇಲಿ ಹಾಕಿದವರಿಗೆಲ್ಲ ಆದದ್ದೇನು? ಎಲಾಸ್ಟಿಕ್‌ನವರು 2018ರಲ್ಲಿ ತಮ್ಮ ಕೋಡಿನ ಅಪಾಚೆ ಲೈಸೆನ್ಸನ್ನು ಎಂದೂ ಬದಲಿಸುವುದಿಲ್ಲವೆಂದು ಆಣೆ ಮಾಡಿ, 2021ರ ಜನವರಿಯಲ್ಲಿ ಬದಲಿಸಿದರು. ಆನೆ ಹಳೆಯ ಕೋಡನ್ನು ಎತ್ತಿಕೊಂಡು ಓಪನ್‌ಸರ್ಚ್ ಎಂದು ಪಕ್ಕದಲ್ಲೇ ಗದ್ದೆ ಮಾಡಿತು. ರೆಡಿಸ್‌ನವರೂ 2018ರಲ್ಲಿ ಬಿಎಸ್‌ಡಿ ಲೈಸೆನ್ಸ್ ಬಿಡೆವು ಎಂದಿದ್ದರು, 2024ರ ಮಾರ್ಚಿನಲ್ಲಿ ಬಿಟ್ಟರು. ಹತ್ತು ದಿನದೊಳಗೆ ಹಳೆಯ ಕೋಡಿನಿಂದಲೇ ಲಿನಕ್ಸ್ ಫೌಂಡೇಶನ್ನಿನಲ್ಲಿ ವಾಲ್ಕಿ ಹುಟ್ಟಿತು. ಬೆನ್ನಿಗೆ ನಿಂತವರು ಅಮೆಜಾನ್, ಗೂಗಲ್, ಒರಾಕಲ್, ಅಂದರೆ ಆನೆಗಳೇ. ಬೇಲಿಯ ಹೊರಗೆ ನಿಂತವರು ನಮ್ಮಂಥವರು. ಎಲಾಸ್ಟಿಕ್ 2024ರಲ್ಲಿ, ರೆಡಿಸ್ 2025ರಲ್ಲಿ ಎಜಿಪಿಎಲ್ ಎಂಬ ಮುಕ್ತ ಲೈಸೆನ್ಸ್ ಹಿಡಿದುಕೊಂಡು ಹಳೆಯ ಬಾಗಿಲಿಗೇ ಬಂದವು. ಹಾಶಿಕಾರ್ಪ್‌ಗೆ ಮಾತ್ರ ಬೇಲಿ ಫಲಿಸಿತು ಎನ್ನಬಹುದೋ ಏನೋ: 2023ರ ಆಗಸ್ಟಿನಲ್ಲಿ ಲೈಸೆನ್ಸ್ ಬದಲಾಯಿತು, ಮರುವರ್ಷ ಏಪ್ರಿಲಿನಲ್ಲಿ 640 ಕೋಟಿ ಡಾಲರಿಗೆ ಐಬಿಎಂ ಕೊಳ್ಳುವುದಾಗಿ ಸುದ್ದಿ ಬಂತು. ಬೇಲಿ ಆನೆಗೆಂದು ಹಾಕಿದ್ದೋ, ಗಿರಾಕಿಗೆ ಚಂದ ಕಾಣಲೆಂದೋ, ನಾನು ಹೇಳಲಾರೆ.

ಇವರೆಲ್ಲ ಯಾರನ್ನೂ ಕೇಳದೆ ಹೇಗೆ ಬದಲಿಸಿದರು ಎಂದರೆ, ಕೇಳುವ ಅಗತ್ಯವೇ ಇರಲಿಲ್ಲ. ಬಿಎಸ್‌ಡಿ, ಅಪಾಚೆಯಂಥ ಲೈಸೆನ್ಸುಗಳು ಧರ್ಮಛತ್ರದ ಹಾಗೆ, ಯಾರು ಬೇಕಾದರೂ ಮೇಲೊಂದು ಅಂತಸ್ತು ಕಟ್ಟಿ ಬೀಗ ಹಾಕಬಹುದು. ಇನ್ನು ಕೆಲವರು ಕೋಡ್ ತೆಗೆದುಕೊಳ್ಳುವ ಮುಂಚೆಯೇ ಸಿಎಲ್‌ಎ ಎಂಬ ಕರಾರಿಗೆ ಒಪ್ಪಿಸಿಕೊಂಡಿರುತ್ತಾರೆ, ಮುಂದೆ ಲೈಸೆನ್ಸ್ ಹೇಗೆ ಬೇಕಾದರೂ ಬದಲಿಸಿಕೊಳ್ಳಿ ಎಂದು. ಸಾಹುಕಾರ ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಂಡು ಸಾಲ ಕೊಡುತ್ತಿದ್ದದ್ದು ನೆನಪಾಗುತ್ತದೆ. ಇಲ್ಲಿ ಸಾಲ ಕೊಟ್ಟವರು ನಾವು, ಸಹಿ ಹಾಕಿದವರೂ ನಾವು. ತಮ್ಮ ಕಂಪನಿಗೂ ಈ ಬುದ್ಧಿ ಬಂತು, ಆದರೆ ನನ್ನ 11 ಸಾಲು ಸೇರಿ ಮೂರು ವರ್ಷದ ಮೇಲೆ. ಲಿನಕ್ಸ್ ಕರ್ನಲ್‌ನಲ್ಲಿ ಆ ಕಾಗದ ಇಲ್ಲವೇ ಇಲ್ಲ. ಸಾವಿರಾರು ಜನರ ಹಕ್ಕು ಸಾವಿರಾರು ಜನರ ಹತ್ತಿರವೇ ಇದೆ. ಲಿನಸ್ ಟೊರ್ವಾಲ್ಡ್ಸ್‌ಗೇ ನಾಳೆ ಮನಸ್ಸು ಕೆಟ್ಟರೂ ಒಬ್ಬನೇ ಲೈಸೆನ್ಸ್ ಬದಲಿಸಲಾರ. ಜಗತ್ತಿನಲ್ಲಿ ಇಷ್ಟು ನೆಮ್ಮದಿ ಕೊಡುವ ಕಗ್ಗಂಟು ಇನ್ನೊಂದಿಲ್ಲ.

ಒಬ್ಬರ ವಿಷಯ ಹೇಳಿ ಮುಗಿಸುತ್ತೇನೆ. ತಮ್ಮ ಪಟ್ಟಿಯಲ್ಲಿ ನನ್ನ ಹೆಸರಿನ ನಾಲ್ಕು ಸಾಲು ಮೇಲೆ ನಂಜನಗೂಡು ಕಡೆಯ ಒಬ್ಬ ನಿವೃತ್ತ ಮೇಷ್ಟ್ರ ಹೆಸರಿದೆ. ತಂತ್ರಾಂಶದ ಕನ್ನಡವೆಲ್ಲ ಅವರದು, ಸಾವಿರಕ್ಕೂ ಹೆಚ್ಚು ಮಾತುಗಳು. ಇಂಗ್ಲಿಷಿನ ‘ಕ್ಯಾನ್ಸಲ್’ ಗುಂಡಿಗೆ ನಾವೆಲ್ಲ ‘ರದ್ದುಗೊಳಿಸು’ ಎಂದು ಹಾಕೋಣವೆಂದರೆ, ಅವರು ‘ಅದೇನು ಕೋರ್ಟ್ ಆರ್ಡರೇನ್ರೀ? ಅಂಗಡೀಲಿ ಕೂತೋನು ಏನಂತಾನೆ? ಬೇಡ ಅಂತಾನೆ. ಬೇಡ ಅಂತ ಹಾಕಿ’ ಎಂದು ಒಂದು ವಾರ ಜಗಳವಾಡಿ ‘ಬೇಡ’ ಎಂದೇ ಹಾಕಿಸಿದರು. 2021ರಲ್ಲಿ, ಕೋವಿಡ್ಡಿನ ಎರಡನೇ ಅಲೆಯಲ್ಲಿ ತೀರಿಕೊಂಡರು. ತಮ್ಮ ಇಮೇಲ್ ಅವರಿಗೂ ಹೋಗಿದೆ. 14 ದಿನದಲ್ಲಿ ಉತ್ತರ ಬಂದಿರಲಾರದು. ತಮ್ಮ ಲೆಕ್ಕದಲ್ಲಿ ಅವರು ಒಪ್ಪಿದ್ದಾರೆ. ನಮ್ಮ ಕಾಯಿದೆಯ ಪ್ರಕಾರ ಅವರ ಹಕ್ಕು, ಅವರು ತೀರಿಹೋದ ಮೇಲೂ 60 ವರ್ಷ ಇರುತ್ತದೆ. ಈಗ ಅದು ಅವರ ಹೆಂಡತಿ ಮಕ್ಕಳದು. ಆಯಮ್ಮ ನಂಜನಗೂಡಿನಲ್ಲೇ ಇದ್ದಾರೆ. ಬೆಂಗಳೂರಿನಿಂದ ಬಸ್ಸಿದೆ, ರೈಲೂ ಇದೆ. ಹೋಗುವಾಗ ಒಂದು ಚಿಪ್ಪು ಬಾಳೆಹಣ್ಣು ತೆಗೆದುಕೊಂಡು ಹೋಗಿ, ಬರಿಗೈಲಿ ಹೋಗಬೇಡಿ.

ನನ್ನ ಉತ್ತರಕ್ಕೆ ಬರುತ್ತೇನೆ. ಇಮೇಲಿನಲ್ಲಿದ್ದ ಕೊಂಡಿ ಒತ್ತಿದಾಗ ತಮ್ಮ ಒಪ್ಪಿಗೆಯ ಪುಟ ತೆರೆಯಿತು. ನನ್ನ ಕಂಪ್ಯೂಟರಿನ ಭಾಷೆ ಕನ್ನಡವಾದ್ದರಿಂದ ಗುಂಡಿಗಳೂ ಕನ್ನಡದಲ್ಲೇ ಬಂದವು. ಎರಡೇ ಇದ್ದವು: ‘ಸರಿ’, ‘ಬೇಡ’. ಮೇಷ್ಟ್ರ ಗುಂಡಿಯನ್ನು ಒತ್ತಿದ್ದೇನೆ. ಹದಿಮೂರನೆಯ ದಿನ, ರಾತ್ರಿ 9 ಗಂಟೆ 40 ನಿಮಿಷಕ್ಕೆ.

ಇತಿ ತಮ್ಮ ವಿಶ್ವಾಸಿ,
ಹನ್ನೊಂದು ಸಾಲಿನ ಪಾಲುದಾರ

ವಿ.ಸೂ.: ನನ್ನ ಸಾಲುಗಳನ್ನು ಕಿತ್ತ ದಿನ ದಯವಿಟ್ಟು ಒಂದು ಮಾತು ತಿಳಿಸಿ. ಮಂಡಿಯ ಬಿಲ್ಲಿನಲ್ಲಿ ಲಕ್ಷ್ಮಿಯ ಪಕ್ಕಕ್ಕೆ ಆ ಚಿಹ್ನೆ ಮತ್ತೆ ಬರುತ್ತದೆ, ಮಾವನಿಗೆ ಮೊದಲೇ ಹೇಳಿಟ್ಟಿರಬೇಕು.