ಕಿಟಕಿ ಕಟ್ಟೆಯ ಕೃಷಿ

ಬೆಂಗಳೂರಿನ ಫ್ಲಾಟಿನಲ್ಲಿ ಜಮೀನೆಂದರೆ ಅಡುಗೆಮನೆ ಕಿಟಕಿಯ ಕಟ್ಟೆ. ಅಲ್ಲಿ ಮೆಂತ್ಯ ಬಲು ಸಾಧು. ಡಬ್ಬಿಯಿಂದ ಒಂದು ಹಿಡಿ ತೆಗೆದು ನೆನೆಸಿ ಮಣ್ಣಿಗೆ ಚೆಲ್ಲಿದರೆ ಮೂರ್ನಾಲ್ಕು ದಿನಕ್ಕೆ ತಲೆ ಎತ್ತುತ್ತದೆ. ಪುದೀನಕ್ಕೆ ಅಷ್ಟೂ ಬೇಡ, ಎಲೆ ಬಿಡಿಸಿ ಎಸೆಯುವ ಕಡ್ಡಿಯನ್ನು ಲೋಟದ ನೀರಲ್ಲಿಟ್ಟರೂ ಬೇರು ಬಿಡುತ್ತದೆ. ದೊಡ್ಡಪತ್ರೆಯಂತೂ ಬೇಡವೆಂದರೂ ಬೆಳೆಯುತ್ತದೆ. ಅದರ ಕಷಾಯ, ತಂಬುಳಿಗೆ ಬೇಸತ್ತ ನಮ್ಮನೆ ಮಕ್ಕಳು ಈಗ ಕೆಮ್ಮಲಿಕ್ಕೂ ಹೆದರುತ್ತಾರೆ.

ಕೊತ್ತಂಬರಿಗೆ ಮಾತ್ರ ಬೀಗರ ಗತ್ತು. ಬೀಜವನ್ನು ಎರಡು ಹೋಳು ಮಾಡಿ ಬಿತ್ತಬೇಕು, ವಾರ ಹತ್ತು ದಿನ ಕಾಯಬೇಕು, ಸೆಕೆ ಹೆಚ್ಚಾದರೆ ಮುನಿಸಿಕೊಂಡು ಹೂ ಬಿಡುತ್ತದೆ. ಇಷ್ಟೆಲ್ಲ ಉಪಚಾರಕ್ಕೆ ಸಿಗುವುದು ಒಂದು ಹೊತ್ತಿನ ಸಾರಿಗಾಗುವಷ್ಟು ಸೊಪ್ಪು. ಅದಕ್ಕೂ ಕೈ ಹಾಕುವಂತಿಲ್ಲ. “ಪಾಪ, ಈಗಷ್ಟೇ ಚಿಗುರಿದೆ ಕಣ್ರೀ! ಕೆಳಗೆ ಸೊಪ್ಪಿನಮ್ಮ ಬಂದಿದ್ದಾಳೆ, ಒಂದು ಕಟ್ಟು ತನ್ನಿ.”