ಶಯನಚೀಲ ಮೀಮಾಂಸೆ

ಅಧಿಕಾರಿ: ಆಷಾಢದ ಜಡಿಮಳೆಯಲ್ಲಿ ಆಗುಂಬೆಯ ಕಡೆಗೆ ಯಾವನು ಸ್ವಇಚ್ಛೆಯಿಂದ ಮಲಗಲು ಹೊರಡುವನೋ, ಯಾವನ ಜೇಬಿನಲ್ಲಿ ತಿಂಗಳ ಕೊನೆಯ ಚಿಲ್ಲರೆಯಷ್ಟೇ ಉಳಿದಿದೆಯೋ, ಯಾವನ ತಾಯಿ “ನಿಂಗೇನು ಹುಚ್ಚೇನೋ?” ಎಂದಿರುವಳೋ ಅವನೇ ಈ ಶಾಸ್ತ್ರಕ್ಕೆ ಅಧಿಕಾರಿ. ಮಳೆ ಬಂದರೆ ಹಪ್ಪಳ ಸುಟ್ಟು ತಿನ್ನುವ ವಿವೇಕಿಗಳಿಗೆ ಇಲ್ಲಿ ಪ್ರವೇಶವಿಲ್ಲ.

ಲಕ್ಷಣ: ಕಾಲಿಂದ ಹೊಕ್ಕು, ಗಲ್ಲದವರೆಗೆ ಜಿಪ್ ಎಳೆದ ಮರುಕ್ಷಣ ಹೊರಗೆ ಹೋಗಿಬರಬೇಕೆನಿಸುವ ಚೀಲವೇ ಸ್ಲೀಪಿಂಗ್ ಬ್ಯಾಗು. ಅದು ತಾನಾಗಿ ಶಾಖ ಕೊಡದು. ನಿಮ್ಮ ಮೈಶಾಖವನ್ನೇ ಗಾಳಿಯ ಪದರದಲ್ಲಿ ಹಿಡಿದಿಡುತ್ತದೆ.

ಪೂರ್ವಪಕ್ಷ: ಹಂಸಪಕ್ಷದವರ ಮತದಲ್ಲಿ ಬಾತಿನ ತುಪ್ಪಳ ತುಂಬಿದ ‘ಡೌನ್’ ಚೀಲವೇ ಶ್ರೇಷ್ಠ. ಹಗುರ, ಬೆಚ್ಚಗೆ, ಹಿಚುಕಿದರೆ ಸೋರೆಕಾಯಿ ಗಾತ್ರ.

ಖಂಡನೆ: ನೆನೆದ ತುಪ್ಪಳ ಮುದ್ದೆಗಟ್ಟುತ್ತದೆ, ಮುದ್ದೆಯಲ್ಲಿ ಗಾಳಿ ನಿಲ್ಲದು. ‘ಬಾತಿನ ಮೈಮೇಲೆ ನೆನೆಯದಲ್ಲ?’ ಎಂದರೆ, ಬಾತು ಪುರುಸೊತ್ತಾದಾಗಲೆಲ್ಲ ಕೊಕ್ಕಿನಿಂದ ಗರಿಗೆ ಎಣ್ಣೆ ಸವರಿಕೊಳ್ಳುತ್ತದೆ. ಚಾರಣಿಗನಿಗೆ ಪುರುಸೊತ್ತೂ ಇಲ್ಲ, ಕೊಕ್ಕೂ ಇಲ್ಲ. ಬೆಲೆ ಕೇಳಿದ ಮೇಲೆ ವಾದವೇ ಇಲ್ಲ.

ಸಿದ್ಧಾಂತ: ಪಾಲಿಯೆಸ್ಟರ್ ನಾರಿನ ಚೀಲ ತೂಕ, ದಪ್ಪ, ಆದರೆ ಅಗ್ಗ. ನೆನೆದರೂ ಪೂರ್ತಿ ಕುಸಿಯದು, ಬೇಗ ಆರುತ್ತದೆ. ಲೇಬಲ್ಲಿನಲ್ಲಿ ಉಷ್ಣಾಂಶದ ಮೂರು ಅಂಕಿಗಳುಂಟು: ‘ಕಂಫರ್ಟ್’ ಎಂದರೆ ನಿದ್ದೆ, ‘ಲಿಮಿಟ್’ ಎಂದರೆ ಮುದುಡಿಕೊಂಡು ಸಹಿಸುವುದು, ‘ಎಕ್ಸ್‌ಟ್ರೀಮ್’ ಎಂದರೆ ಜೀವವೊಂದು ಉಳಿಯುವುದು. ಅಂಗಡಿಯವನು ಮೂರನೆಯದನ್ನು ಗಟ್ಟಿಯಾಗಿ ಓದುತ್ತಾನೆ. ನೀವು ಮೊದಲನೆಯದನ್ನು ಓದಿಕೊಳ್ಳಿ. ಮಲೆನಾಡಿನ ಮಳೆರಾತ್ರಿಗೆ ಕಂಫರ್ಟ್ 10 ಡಿಗ್ರಿ ಸಾಕು. ಮೈನಸ್ ಅಂಕಿಗಳನ್ನು ಹಿಮಾಲಯಕ್ಕೆ ಹೋಗುವವರಿಗೆ ಬಿಡಿ.

ತಾಪತ್ರಯ: ಚೀಲಕ್ಕೆ ಬಾಧೆ ಮೂರು ಬಗೆಯಲ್ಲಿ ಬರುತ್ತದೆ. ಮೇಲಿಂದ ಸುರಿಯುವ ಮಳೆ ಆಧಿದೈವಿಕ. ಕೆಳಗಿಂದ ಏರುವ ನೆಲದ ಶೀತ ಆಧಿಭೌತಿಕ. ಒಳಗೆ ನೀವೇ ಬಿಡುವ ಉಸಿರು, ಬೆವರು ಆಧ್ಯಾತ್ಮಿಕ. ಮೊದಲನೆಯದಕ್ಕೆ ದಪ್ಪ ಪ್ಲಾಸ್ಟಿಕ್ ಚೀಲ. ಎರಡನೆಯದಕ್ಕೆ ಫೋಮ್ ಚಾಪೆ, ಏಕೆಂದರೆ ಬೆನ್ನಡಿ ಅಪ್ಪಚ್ಚಿಯಾದ ನಾರು ಬೆಚ್ಚಗಿಡದು. ಮೂರನೆಯದಕ್ಕೆ ಮೂಗು ಹೊರಗಿಟ್ಟು ಮಲಗುವುದು.

ಫಲಶ್ರುತಿ: ಈ ಶಾಸ್ತ್ರವನ್ನೆಲ್ಲ ಅರೆದು ಕುಡಿದಿದ್ದ ಗ್ರಂಥಕರ್ತನು ಒಂದು ಸಂಜೆ ನೀರಿಳಿಯುವ ಚೀಲ ಹಿಡಿದು ಮಲೆನಾಡಿನ ಮನೆಯೊಂದರ ಜಗಲಿ ಹತ್ತಿದನು. ಮನೆಯ ಅಜ್ಜ ಅದನ್ನು ಹಿಂಡಿ ನೋಡಿ, “ಇದು ಅಲ್ಲಿರ್ಲಿ ಮಾರಾಯ್ರೆ” ಎಂದು ಹೊಗೆವಾಸನೆಯ ಕಂಬಳಿಯೊಂದನ್ನು ಮುಂದಿಟ್ಟರು. ಚೀಲದ ಆಯ್ಕೆಯಲ್ಲಿ ದೋಷವಿರಲಿಲ್ಲ. ಆದ್ದರಿಂದ ಓದುಗರಲ್ಲಿ ವಿಜ್ಞಾಪನೆ: ಸ್ಲೀಪಿಂಗ್ ಬ್ಯಾಗು ಯಾವುದಾದರೂ ಇರಲಿ, ಅದನ್ನು ತುರುಕಿದ ಪ್ಲಾಸ್ಟಿಕ್ ಚೀಲದ ಬಾಯಿಯನ್ನು ದಯವಿಟ್ಟು ಕಟ್ಟಿ.