ವೋಲ್ಟೇಜ್ ಕುಸಿತಕ್ಕೆ ಬೆಲೆ ಕಟ್ಟಿದವರಿಗೊಂದು ಬಹಿರಂಗ ಪತ್ರ

ಕನ್ಹಾನ್, ನಾಗಪುರ ಜಿಲ್ಲೆ

ಬೆಂಗಳೂರಿನ ವಿಂಟೇಜ್ ಗಿಟಾರ್ ಆಂಪ್ಲಿಫೈಯರ್ ಉಪಾಸಕರಿಗೆ ಸಾಷ್ಟಾಂಗ ನಮಸ್ಕಾರಗಳು.

ಹಳೆಯ ವಾಲ್ವ್‌ಗಾಗಿ ಎಸ್‌ಪಿ ರೋಡನ್ನೂ ಭಾನುವಾರದ ಚೋರ್ ಬಜಾರನ್ನೂ ಜಾಲಾಡಿ ಮುಗಿಸಿರುವ ತಾವು, ನಮ್ಮ ಪಕ್ಕದ ಕಾಂಪ್ಟಿಯ ಗುಜರಿ ಅಂಗಡಿಗಳ ಕಡೆ ಕಣ್ಣು ಹಾಯಿಸಿದ್ದೀರಿ. ಬ್ರಿಟಿಷರ ಕಾಲದಿಂದ ದಂಡು ಬೀಡುಬಿಟ್ಟಿರುವ ಊರು, ಮಿಲಿಟರಿ ವೈರ್‌ಲೆಸ್ಸಿನ ಒಂದೆರಡು ಗಾಜಿನ ಬುರುಡೆಯಾದರೂ ಉಳಿದಿರದೇ ಎಂಬುದು ತಮ್ಮ ತರ್ಕ. ಇಲ್ಲಿರುವ ಕನ್ನಡದವನೆಂದು ನನ್ನನ್ನು ಹುಡುಕಲು ಹಚ್ಚಿದ್ದೀರಿ. ತಮ್ಮಂಥವರ ಸಂಖ್ಯೆ ಬೆಳೆಯುತ್ತಿರುವುದರಿಂದ ಎಲ್ಲರಿಗೂ ಒಟ್ಟಿಗೇ ಉತ್ತರಿಸುತ್ತಿದ್ದೇನೆ.

ಮೊದಲನೆಯದಾಗಿ, ವಾಲ್ವ್ ಹುಡುಕಿಕೊಂಡು ಸಾವಿರ ಕಿಲೋಮೀಟರ್ ಬರಬೇಕಾಗಿಲ್ಲ. ಅದು ಹುಟ್ಟಿದ್ದೇ ತಮ್ಮ ಜಾಲಹಳ್ಳಿಯಲ್ಲಿ. 1954ರಲ್ಲಿ ಸ್ಥಾಪನೆಯಾದ ಬಿಇಎಲ್, 1961ರಲ್ಲಿ ಹಾಲೆಂಡಿನ ಫಿಲಿಪ್ಸ್ ಸಹಯೋಗದಿಂದ ರೇಡಿಯೋ ವಾಲ್ವ್ ಮಾಡತೊಡಗಿತು. ಮರುವರ್ಷ ಅದೇ ಫಿಲಿಪ್ಸ್ ಜೊತೆ ಸೇರಿ ಜರ್ಮೇನಿಯಂ ಟ್ರಾನ್ಸಿಸ್ಟರಿಗೂ ಕೈಹಾಕಿತು. ತೊಟ್ಟಿಲು ಕಟ್ಟಿದ ಮರುವರ್ಷವೇ ಚಟ್ಟಕ್ಕೆ ಬಿದಿರು ತಂದ ಹಾಗೆ. ಬೀಟಲ್ಸ್ ನುಡಿಸಿದ ವಾಕ್ಸ್ ಎಸಿ30 ಪೆಟ್ಟಿಗೆಯಲ್ಲಿ ಇಎಲ್84 ಎಂಬ ವಾಲ್ವ್ ನಾಲ್ಕಿವೆ. ಅದೇ ಜಾತಿಯದೊಂದು ನಮ್ಮಲ್ಲಿ ಎಷ್ಟೋ ಮನೆಗಳ ರೇಡಿಯೋದೊಳಗೆ ಕುಳಿತು ಪ್ರದೇಶ ಸಮಾಚಾರ, ಕೃಷಿರಂಗ ಕೇಳಿಸುತ್ತಿತ್ತು. ಆಗ ‘ಆಹಾ, ಎಂಥ ಟೋನು’ ಎಂದವರಿಲ್ಲ. ಬಿಸಿಯಾಗಲು ಅರ್ಧ ನಿಮಿಷ ಬೇಕೆಂದು ಬೈದರು, ಗುಂಯ್‌ಗುಡುತ್ತದೆಂದು ತಲೆಗೆ ಮೊಟಕಿದರು, ಟ್ರಾನ್ಸಿಸ್ಟರ್ ಬಂದ ಮೇಲೆ ಅಟ್ಟಕ್ಕೇರಿಸಿದರು. ತಾವು ಈಗ ಇಳಿಸುತ್ತಿರುವುದು ಆ ಅಟ್ಟದಿಂದಲೇ.

ಶಬ್ದದ ವಿಷಯದಲ್ಲಿ ತಮ್ಮ ಕಿವಿ ಸುಳ್ಳು ಹೇಳುತ್ತಿಲ್ಲ, ಒಪ್ಪುತ್ತೇನೆ. ಮಿತಿಮೀರಿ ಒತ್ತಿದರೆ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಧ್ವನಿಯ ಅಲೆಯ ನೆತ್ತಿಯನ್ನು ಕತ್ತಿಯಿಂದ ಕೊಯ್ದಂತೆ ಕತ್ತರಿಸುತ್ತದೆ. ವಾಲ್ವ್ ಅದನ್ನು ಮೆಲ್ಲಗೆ ದುಂಡಾಗಿಸುತ್ತದೆ. ಬೆರಳು ಮೃದುವಾದರೆ ಸ್ವಚ್ಛ, ಮೀಟು ಜೋರಾದರೆ ಗೊರಗೊರ. ಎರಡರ ನಡುವಿನ ದಾರಿಯೆಲ್ಲ ವಾದಕನ ಕೈಯಲ್ಲೇ. ಆದರೆ ಈ ಗೊರಗೊರಕ್ಕೆ ಎಂಜಿನಿಯರುಗಳು ಇಟ್ಟ ಹೆಸರು ದೋಷ. ಅದನ್ನು ತೊಲಗಿಸುವುದಕ್ಕೆ ಅವರು ಆಯುಷ್ಯ ಸವೆಸಿದರು. ಆ ದೋಷ ತೊಲಗದ ಪೆಟ್ಟಿಗೆಗೇ ತಾವು ಈಗ ಹೆಚ್ಚು ದುಡ್ಡು ಕೊಡುತ್ತೀರಿ.

ಇನ್ನು ಸ್ಯಾಗ್. ತಮ್ಮ ವಲಯದಲ್ಲಿ ಈ ಮಾತು ಬಂದರೆ ಎಲ್ಲರೂ ಕಣ್ಣು ಮುಚ್ಚುತ್ತಾರಂತೆ. ತಂತಿಯನ್ನು ಜೋರಾಗಿ ಮೀಟಿದಾಗ ರೆಕ್ಟಿಫೈಯರ್ ವಾಲ್ವ್ ಕೊಡುವ ವೋಲ್ಟೇಜು ಕ್ಷಣಕಾಲ ಕುಸಿದು ಮತ್ತೆ ಚೇತರಿಸಿಕೊಳ್ಳುತ್ತದೆ. ಸ್ವರ ಒಂದಿಷ್ಟು ಅದುಮಿಕೊಂಡು, ಆಮೇಲೆ ಅರಳುತ್ತದೆ. ಸ್ವಾಮೀ, ಇದಕ್ಕೆ ದುಡ್ಡೇ? ನಮ್ಮ ಆಸುಪಾಸಿನಲ್ಲಿ ಕೋರಾಡಿ, ಖಾಪರಖೇಡಾ ಎಂಬ ಉಷ್ಣ ವಿದ್ಯುತ್ ಸ್ಥಾವರಗಳಿವೆ, ನೆಲದಡಿ ಕಲ್ಲಿದ್ದಲಿದೆ. ಆದರೂ ಮೇ ತಿಂಗಳ ನಡುಹಗಲು, ಬಿಸಿಲು 45 ಡಿಗ್ರಿ ಮುಟ್ಟಿ ಗಲ್ಲಿಯ ಕೂಲರುಗಳೆಲ್ಲ ಒಟ್ಟಿಗೇ ತಿರುಗತೊಡಗಿದರೆ, ಟ್ಯೂಬ್‌ಲೈಟು ಕಣ್ಣು ಪಿಳುಕಿಸುತ್ತ ಅಪ್ಪಟ ಸ್ಯಾಗ್ ಇಳಿದು ಬರುತ್ತದೆ. ಎಡ್ಡಿ ವ್ಯಾನ್ ಹೇಲನ್ ಎಂಬ ಗಿಟಾರ್ ಮಹಾನುಭಾವ ತನ್ನ ಮಾರ್ಷಲ್ ಆಂಪ್ಲಿಫೈಯರಿಗೆ ವೋಲ್ಟೇಜು ಏರಿಳಿಸುವ ವೇರಿಯಾಕ್ ಜೋಡಿಸಿ, ಬೇಕೆಂದೇ ವೋಲ್ಟೇಜು ಇಳಿಸಿ ನುಡಿಸುತ್ತಿದ್ದ. ಕನ್ಹಾನ್‌ನಲ್ಲಿ ಹುಟ್ಟಿದ್ದರೆ ಪಾಪ, ಆ ವೇರಿಯಾಕಿನ ಖರ್ಚು ಉಳಿಯುತ್ತಿತ್ತು.

ಆ ಮಾರ್ಷಲ್ ವಂಶದ ಮೂಲಪುರುಷನ ಕಥೆಯೂ ಸ್ವಾರಸ್ಯವಾಗಿದೆ. ಲಂಡನ್ನಿನಲ್ಲಿ ಡ್ರಮ್ ಅಂಗಡಿ ಇಟ್ಟುಕೊಂಡಿದ್ದ ಜಿಮ್ ಮಾರ್ಷಲ್‌ಗಾಗಿ 1962ರ ಸುಮಾರಿಗೆ ಕೆನ್ ಬ್ರ್ಯಾನ್ ಮತ್ತು ಸಂಗಡಿಗರು ತಯಾರಿಸಿದ ಜೆಟಿಎಂ45, ಅಮೆರಿಕದ ಫೆಂಡರ್ ಬಾಸ್‌ಮನ್‌ನ ನಕಲು. ಸ್ಥಳೀಯವಾಗಿ ಸಿಕ್ಕ ಬಿಡಿಭಾಗ ಹಾಕಿದ್ದರಿಂದ ದನಿ ಬೇರೆಯಾಯಿತು. ನಮ್ಮ ರೇಡಿಯೋ ರಿಪೇರಿಯವರು ದಿನವೂ ಮಾಡುತ್ತಿದ್ದದ್ದು ಇದನ್ನೇ. ಅದಕ್ಕೆ ಮಾತ್ರ ಯಾರೂ ಬುಟೀಕ್ ಎನ್ನಲಿಲ್ಲ, ಗಿರಾಕಿಗಳು ‘ಒರಿಜಿನಲ್ ಹಾಕಿಲ್ಲ’ ಎಂದು ಜಗಳಕ್ಕೆ ನಿಂತರು.

ಕ್ಯಾಲಿಫೋರ್ನಿಯಾದ ಅಲೆಕ್ಸಾಂಡರ್ ಡಂಬಲ್ ಅವರಂತೂ ಮಾರುಕಟ್ಟೆಯ ಮರ್ಮ ಬಲ್ಲವರಾಗಿದ್ದರು. ಜೀವಮಾನದಲ್ಲಿ ಅವರು ಕಟ್ಟಿದ್ದು ಸುಮಾರು 300 ಆಂಪ್ಲಿಫೈಯರ್. ಒಳಗಿನ ಸರ್ಕ್ಯೂಟನ್ನು ಯಾರೂ ನಕಲು ಮಾಡದಂತೆ ಹಲವಕ್ಕೆ ಅಂಟು ಸುರಿದು ಮುಚ್ಚಿದರು. 2022ರ ಜನವರಿಯಲ್ಲಿ ತೀರಿಕೊಂಡರು. ಅವರ ಪೆಟ್ಟಿಗೆಗಳು ಲಕ್ಷ ಡಾಲರ್ ದಾಟಿ ಮಾರಾಟವಾಗುತ್ತವೆ. ಅಂಟಿನ ಕೆಳಗಿರುವುದು ರೆಸಿಸ್ಟರು, ಕೆಪಾಸಿಟರುಗಳೇ. ಬೆಲೆಯ ದೊಡ್ಡ ಪಾಲು ಅಂಟಿಗೇ ಸಲ್ಲಬೇಕೆಂದು ನನ್ನ ಅಂದಾಜು. ಅದೇ ವರ್ಷದ ಮಾರ್ಚ್‌ನಲ್ಲಿ, ಉಕ್ರೇನ್ ಯುದ್ಧದ ನಡುವೆ ರಷ್ಯಾ ರಫ್ತು ನಿಲ್ಲಿಸುತ್ತದೆಂಬ ಸುದ್ದಿ ಬಂದದ್ದೇ ತಡ, ಸರಾಟೋವ್ ಕಾರ್ಖಾನೆಯ ವಾಲ್ವ್‌ಗಳ ಬೆಲೆ ಹಾರಿತು. ಒಂದೇ ವಾರದಲ್ಲಿ ಅವುಗಳ ಟೋನು ಹೆಚ್ಚು ಮಧುರವಾಗಿರಲಿಕ್ಕಿಲ್ಲ.

ಆದ್ದರಿಂದ ನನ್ನದೊಂದು ವ್ಯಾಪಾರದ ಪ್ರಸ್ತಾಪ. ವಾಲ್ವ್ ಬಿಡಿ, ಕಾಂಪ್ಟಿ ಗುಜರಿಯವನಿಗೆ ತಮ್ಮ ಆಸೆ ಗೊತ್ತಾದರೆ ಒಡೆದ ಬಲ್ಬಿಗೂ ‘ಮಿಲಿಟರಿ’ ಎಂದು ಬೆಲೆ ಹೇಳುತ್ತಾನೆ. ಬದಲಿಗೆ ಗಿಟಾರ್ ಸಮೇತ ಮೇ ತಿಂಗಳಲ್ಲಿ ಇಲ್ಲಿಗೆ ಬನ್ನಿ. ಅಪ್ಪಟ ವಿಂಟೇಜ್ ವೋಲ್ಟೇಜನ್ನು ಗಂಟೆಯ ಲೆಕ್ಕದಲ್ಲಿ ಒದಗಿಸುತ್ತೇನೆ. ಕೂಲರ್ ಚಾಲೂ ಇದ್ದಾಗಿನ ಸ್ಯಾಗ್‌ಗೆ ಒಂದು ದರ, ಪಕ್ಕದ ಮನೆಯ ಮದುವೆ ಪೆಂಡಾಲಿನ ಲೈಟೂ ಹೊತ್ತಿದಾಗ ಇನ್ನೊಂದು ದರ. ಕರೆಂಟು ಪೂರ್ತಿ ಹೋದರೆ ಆ ನಿಶ್ಶಬ್ದ ಉಚಿತ. ಮುಂಗಡ ಕಡ್ಡಾಯ.

ಇಂತಿ ತಮ್ಮ ವಿಶ್ವಾಸಿ,
ಕನ್ಹಾನ್‌ನ ಕನ್ನಡಿಗ

ವಿ.ಸೂ.: ಅಟ್ಟದಿಂದ ಇಳಿಸಿದ ಪೆಟ್ಟಿಗೆಯನ್ನು ಬಿಚ್ಚುವ ಆತುರ ಬೇಡ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ 300–400 ವೋಲ್ಟ್ ಉಳಿದಿರಬಹುದು. ಆ ಒಂದು ಕಡೆ ಮಾತ್ರ ಸ್ಯಾಗ್ ಇರುವುದಿಲ್ಲ.